ಅವನ ಹೋಲ್ಡಾನ್, ನಿಮ್ಮ ರಿಪೋರ್ಟು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮಕ್ಕಳಿಗೆ ಸ್ಪೀಚ್ ಥೆರಪಿ ಮಾಡುವ ಎಲ್ಲರಿಗೂ,



ನಾನು ಶ್ರೀನಿವಾಸಪುರದ ಒಂದು ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುವವನು. ಮೇ, ಜೂನಿನಲ್ಲಾದರೆ ಊಟಕ್ಕೆ ಏಳುವುದಕ್ಕೂ ಪುರುಸೊತ್ತಿರುವುದಿಲ್ಲ. ಈಗ ಸುಗ್ಗಿ ಮುಗಿದಿದೆ, ಲಾರಿಗಳಿಲ್ಲ, ಮಂಡಿಯಲ್ಲಿ ನಾಯಿಗಳು ಮಲಗಿವೆ. ಅದಕ್ಕೇ ಕಾಗದ ಬರೆಯಲು ಕೂತೆ. ನನ್ನ ಮಗನಿಗೆ ಏಳು ವರ್ಷ. ಮೂರು ತುಂಬಿದ ಮೇಲೆ ಅವನಿಗೆ ಆಟಿಸಂ ಇದೆ ಎಂದು ಗೊತ್ತಾಯಿತು. ನಿಮ್ಮಲ್ಲಿ ಕೆಲವರು ಅವನನ್ನು ನೋಡಿದ್ದೀರಿ. ಯಾರ ಹೆಸರನ್ನೂ ಎತ್ತುವುದಿಲ್ಲ, ಇದು ದೂರಿನ ಅರ್ಜಿಯೂ ಅಲ್ಲ. ಒಂದೇ ಹುಡುಗನ ಬಗ್ಗೆ ಎರಡು ಲೆಕ್ಕದ ಪುಸ್ತಕ ಇವೆ. ಒಂದು ನಿಮ್ಮ ಫೈಲು, ಇನ್ನೊಂದು ನಮ್ಮ ಮನೆಯದು. ಎರಡೂ ತಾಳೆಯಾಗುತ್ತಿಲ್ಲ. ಇಪ್ಪತ್ತೆರಡು ವರ್ಷ ಲೆಕ್ಕ ಬರೆದವನಿಗೆ ಅದನ್ನು ಹಾಗೇ ಬಿಟ್ಟು ಮಲಗಲು ಆಗುವುದಿಲ್ಲ.

ಅವನಿಗೆ ನಾಲ್ಕು ದಾಟಿದ ಹೊಸದರಲ್ಲಿ ಒಂದು ಅಸೆಸ್‌ಮೆಂಟಿಗೆ ಕರೆದುಕೊಂಡು ಹೋದೆವು. ಚಿಕ್ಕ ರೂಮು, ತಲೆಯ ಮೇಲೆ ಗುಂಯ್‌ಗುಡುವ ಟ್ಯೂಬ್‌ಲೈಟು, ಮೇಜಿನ ಮೇಲೆ ಒಂದು ಕಟ್ಟು ಚಿತ್ರದ ಕಾರ್ಡು. ಮೇಡಂ ಒಳ್ಳೆಯವರೇ, ಒಂದು ಸಲವೂ ಗದರಲಿಲ್ಲ. ಒಂದೊಂದೇ ಕಾರ್ಡು ಎತ್ತಿ ಹಿಡಿದು ‘ಇದೇನು ಪುಟ್ಟ?’ ಎಂದು ಕೇಳುತ್ತಾ ಹೋದರು. ಆಪಲ್, ಸ್ಟ್ರಾಬೆರಿ, ಹಿಮದಲ್ಲಿ ಮಾಡಿದ ಮನುಷ್ಯ. ಮಾವಿನ ಹಣ್ಣಿನ ಕಾರ್ಡೂ ಬಂತು, ನಿಂಬೆಯ ಹಳದಿ ಬಣ್ಣದ್ದು, ಜೊತೆಗೊಂದು ಎಲೆ. ಅವನು ಅತ್ತ ಕಣ್ಣೂ ಹಾಯಿಸಲಿಲ್ಲ. ಮಂಡಿಗೆ ಕರೆದುಕೊಂಡು ಹೋದರೆ ತೋತಾಪುರಿ ರಾಶಿಯಲ್ಲಿ ಬಿದ್ದ ಒಂಟಿ ಬಾದಾಮಿಯನ್ನು ಎತ್ತಿ ಆಚೆ ಇಡುವ ಹುಡುಗ ಅವನು. ಅದೇನು ದೊಡ್ಡ ವಿದ್ಯೆಯಲ್ಲ, ತೋತಾಪುರಿಯ ಕೊಕ್ಕು ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ಆದರೆ ಅವನಿಗೂ ತಿಳಿಯುತ್ತದೆ, ನಾನು ಹೇಳುವುದು ಅಷ್ಟೇ. ರಿಪೋರ್ಟಿನಲ್ಲಿ ಬಂದದ್ದು ‘ಹಣ್ಣುಗಳನ್ನು ಗುರುತಿಸುವುದಿಲ್ಲ’ ಎಂದು.

ಎಂಟನೆಯದೋ ಒಂಬತ್ತನೆಯದೋ ಕಾರ್ಡಿಗೆ ಅವನು ಎರಡೂ ಕಿವಿ ಮುಚ್ಚಿಕೊಂಡು ‘ಹೋಲ್ಡಾನ್, ಹೋಲ್ಡಾನ್’ ಅಂದ. ಮೇಡಂ ಮುಂದಿನ ಕಾರ್ಡು ಎತ್ತಿದರು. ‘ಹೋಲ್ಡಾನ್!’ ಈ ಸಲ ಜೋರಾಗಿ. ಇನ್ನೊಂದು ಕಾರ್ಡು. ಅವನು ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದು ತಲೆ ಚಚ್ಚಿಕೊಳ್ಳಲು ಶುರುಮಾಡಿದ. ಅದೂ ರಿಪೋರ್ಟಿನಲ್ಲಿದೆ. ಸಂದರ್ಭಕ್ಕೆ ಸಂಬಂಧವಿಲ್ಲದ ಪದಗಳ ಪುನರುಚ್ಚಾರ. ಅಸಹಕಾರ.

ಬಸ್ಸಿನಲ್ಲಿ ಓಡಾಡುವ ಯಾರಿಗಾದರೂ ಆ ಪದ ಗೊತ್ತು. ಕಂಡಕ್ಟರು ‘ಹೋಲ್ಡಾನ್’ ಅಂದರೆ ಅಷ್ಟು ದೊಡ್ಡ ಬಸ್ಸು ನಿಲ್ಲುತ್ತದೆ, ‘ರೈಟ್’ ಅಂದರೆ ಹೊರಡುತ್ತದೆ. ನನ್ನ ಮಗ ಥೆರಪಿಗೆಂದು ಶ್ರೀನಿವಾಸಪುರ, ಕೋಲಾರದ ನಡುವೆ ಓಡಾಡಿ ಓಡಾಡಿ ಕಲಿತದ್ದು ಅದು. ಆಡಿದ ಕೂಡಲೇ ಕೆಲಸ ಆಗುವ ಮಾತು ಅವನು ಕಂಡಿದ್ದು ಅದೊಂದೇ. ಮನೆಯಲ್ಲಿ ತಲೆಗೆ ನೀರು ಹೊಯ್ಯುವಾಗ ಹೋಲ್ಡಾನ್. ಕ್ಷೌರದ ಮೆಷಿನ್ನು ಕಿವಿಯ ಹತ್ತಿರ ಬಂದರೆ ಹೋಲ್ಡಾನ್. ಅವತ್ತು ಆ ರೂಮಿನಲ್ಲಿ ಅವನು ಸಾಕು, ನಿಲ್ಲಿಸಿ ಎಂದು ಮೂರು ಸಲ ಬಾಯಿಬಿಟ್ಟು ಹೇಳಿದ. ಮೂರು ಸಲವೂ ಬಸ್ಸು ನಿಲ್ಲಲಿಲ್ಲ. ಆಮೇಲಷ್ಟೇ ನೆಲಕ್ಕೆ ಬಿದ್ದದ್ದು.

ತಪ್ಪು ನಂದೂ ಇದೆ. ನಾನು ಮೂರಡಿ ದೂರದಲ್ಲಿ ಕೂತಿದ್ದೆ, ಅರ್ಥ ಗೊತ್ತಿತ್ತು, ಹೇಳಲಿಲ್ಲ. ಪೇರೆಂಟ್ಸ್ ಮಧ್ಯೆ ಮಾತಾಡಬಾರದು ಎಂದು ಮೊದಲೇ ಹೇಳಿದ್ದರು. ಓದಿದವರ ಮುಂದೆ ನಮ್ಮದೇನು ಎಂದು ಸುಮ್ಮನಿರುವ ರೋಗ ನಮ್ಮ ಕಡೆ ಹಳೆಯದು.

ನನ್ನ ತಂಗಿಯ ಮಗಳು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಓದುತ್ತಾಳೆ. 1965ರಲ್ಲಿ ಶುರುವಾದ ಆ ಸಂಸ್ಥೆಯಲ್ಲಿ ನಿಮ್ಮಲ್ಲಿ ಎಷ್ಟೋ ಜನ ಓದಿರಬೇಕು. ದಸರೆಗೆ ಬಂದವಳಿಗೆ ಈ ಕಥೆ ಹೇಳಿದೆ. ‘ಮಾವ, ಇದು ಎಪ್ಪತ್ತು ಎಂಬತ್ತು ವರ್ಷದ ಹಿಂದೇನೇ ಬರೆದಿಟ್ಟಿರೋ ವಿಷಯ’ ಅಂದಳು. 1943ರಲ್ಲಿ ಲಿಯೋ ಕ್ಯಾನರ್ ಎಂಬ ಡಾಕ್ಟರು ಅಮೆರಿಕದಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದ ಲೇಖನದಿಂದಲೇ ಆಟಿಸಂ ಎಂಬ ಹೆಸರು ಈ ಅರ್ಥದಲ್ಲಿ ನೆಲೆಯಾದದ್ದಂತೆ. 1946ರಲ್ಲಿ ಅದೇ ಡಾಕ್ಟರು ಇಂಥ ಮಕ್ಕಳ ಅಸಂಬದ್ಧ ಎನಿಸುವ ಮಾತಿನ ಬಗ್ಗೆಯೇ ಇನ್ನೊಂದು ಲೇಖನ ಬರೆದರು. ಅದರಲ್ಲಿ ಬರುವ ಒಬ್ಬ ಹುಡುಗ ಏನನ್ನಾದರೂ ಎಸೆಯಬೇಕು ಅನ್ನಿಸಿದಾಗಲೆಲ್ಲ, ನಾಯಿಯನ್ನು ಬಾಲ್ಕನಿಯಿಂದ ಎಸೆಯಬಾರದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅಲ್ಲಿ ನಾಯಿಯೂ ಇಲ್ಲ, ಬಾಲ್ಕನಿಯೂ ಇಲ್ಲ. ಹಿಂದೊಮ್ಮೆ ಒಂದು ಹೋಟೆಲಿನಲ್ಲಿ ತಂಗಿದ್ದಾಗ ಅವನು ಆಟದ ನಾಯಿಯನ್ನು ಮೇಲಿನಿಂದ ಎಸೆಯುವುದು, ತಾಯಿ ಇಳಿದು ಹೋಗಿ ತರುವುದು, ಇದೇ ಆಟವಾಗಿ, ಕೊನೆಗೆ ಬೇಸತ್ತು ಆಕೆ ಗದರಿದ ಮಾತು ಅದು. ಆ ದಿನ ಅಲ್ಲಿದ್ದದ್ದು ತಾಯಿ. ಆಕೆಗೆ ಗೊತ್ತಿದ್ದದ್ದು ಡಾಕ್ಟರಿಗೆ ತಲುಪಿತು, ಅದಕ್ಕೇ ಅಸಂಬದ್ಧ ಅನ್ನಿಸಿದ್ದು ಸಂಬದ್ಧವಾಯಿತು. ನಮ್ಮ ವಿಷಯದಲ್ಲಿ ತಲುಪಲಿಲ್ಲ, ಅಷ್ಟೇ ವ್ಯತ್ಯಾಸ.

ಸರ್ಟಿಫಿಕೇಟಿಗೆ ಬಳಸುವ ನಮ್ಮ ದೇಶದ ಅಳತೆಗೋಲು ಇದೆಯಲ್ಲ, ಐಎಸ್‌ಎಎ, ಅದನ್ನೂ ಅವಳೇ ಕೂರಿಸಿ ಓದಿಸಿದಳು. ನಲವತ್ತು ಪ್ರಶ್ನೆ, ಒಂದೊಂದಕ್ಕೆ ಒಂದರಿಂದ ಐದು ಅಂಕ. 70 ಮುಟ್ಟಿದರೆ ಆಟಿಸಂ, 153 ದಾಟಿದರೆ ತೀವ್ರ. ಅದರಲ್ಲಿ ಒಂಬತ್ತು ಪ್ರಶ್ನೆ ಮಾತಿನವು. ಹೇಳಿದ್ದನ್ನೇ ತಿರುಗಿ ಹೇಳುತ್ತಾನೆಯೇ, ಅರ್ಥವಿಲ್ಲದ ಪದ ಬಳಸುತ್ತಾನೆಯೇ, ನಾನು-ನೀನು ಅದಲುಬದಲು ಮಾಡುತ್ತಾನೆಯೇ, ಹೀಗೆ. ಮಗುವನ್ನು ನೋಡುವುದರ ಜೊತೆಗೆ ತಂದೆತಾಯಿಯನ್ನು ಕೇಳಿಯೂ ಅಂಕ ಹಾಕಬೇಕೆಂದು ಆ ಅಳತೆಗೋಲಿನಲ್ಲೇ ಇದೆ. ಅದು ಇರುವುದು ತೊಂದರೆ ಅಳೆಯಲು, ಅದರಲ್ಲಿ ಕೊಂಕು ತೆಗೆಯುವುದಿಲ್ಲ. 2016ರ ಕಾಯ್ದೆ ಆಟಿಸಮನ್ನು 21 ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದ ಮೇಲೆ ಆ ಅಂಕದಿಂದಲೇ ನಮಗೆ ಕಾರ್ಡು ಸಿಗುವುದು. ಆದರೆ ಸರ್ಟಿಫಿಕೇಟಿನ ಲೆಕ್ಕವೇ ಥೆರಪಿಯ ಲೆಕ್ಕವೂ ಆಗಿಬಿಟ್ಟರೆ ಕಷ್ಟ. ‘ಹೋಲ್ಡಾನ್’ ನಿಮ್ಮ ಪುಸ್ತಕದಲ್ಲಿ ಖರ್ಚಿನ ಕಡೆ ಬಿದ್ದಿದೆ. ನಮ್ಮ ಪುಸ್ತಕದಲ್ಲಿ ಅದು ಜಮಾ.

ನಮ್ಮ ಮಕ್ಕಳು ಹೇಳಿದ್ದನ್ನೇ ಹೇಗೆ ಹೇಳುತ್ತಾರೆ ಅನ್ನುವುದಕ್ಕೆ ಇನ್ನೊಂದು ಉದಾಹರಣೆ. ನನ್ನ ಮಗ ಬಾಯಾರಿದರೆ ‘ನೀರು ಬೇಕಾ?’ ಎಂದು ನನ್ನನ್ನೇ ಕೇಳುತ್ತಾನೆ. ಮೊದಮೊದಲು ನೆಂಟರು, ಅಪ್ಪನಿಗೆ ಎಷ್ಟು ಉಪಚಾರ ಮಾಡುತ್ತೆ ಮಗು, ಅನ್ನುತ್ತಿದ್ದರು. ನೀರು ಬೇಕಾಗಿರುವುದು ಅವನಿಗೆ. ಅವನ ಕಿವಿಯಲ್ಲಿ ನೋಡಿದರೆ ಇದು ಸರಿಯಾಗೇ ಇದೆ. ಹುಟ್ಟಿದಾಗಿನಿಂದ ಲೋಟ ಬರುವ ಮುಂಚೆ ಕೇಳಿಸಿದ್ದು ‘ಬೇಕಾ?’ ಎಂಬುದೇ. ಲೋಟ ತರಿಸುವ ಮಂತ್ರ ಅದು ಎಂದುಕೊಂಡಿದ್ದಾನೆ. ‘ಬೇಕು’ ಎನ್ನುವ ಮಾತನ್ನು ಅವನಿಗೆ ಯಾರು ಹೇಳಿದ್ದರು? ಇದನ್ನು ಕಂಡುಹಿಡಿದದ್ದು ನಾನಲ್ಲ, ನಿಮ್ಮಲ್ಲೇ ಒಬ್ಬರು. ಲೋಟ ಕೊಡುವಾಗ ಕೇಳಬೇಡಿ, ಅವನ ಕಡೆಯಿಂದ ನೀವೇ ‘ನೀರು ಬೇಕು’ ಅನ್ನಿ, ಎಂದು ಹೇಳಿಕೊಟ್ಟರು. ಎಂಟು ತಿಂಗಳು ಹಾಗೇ ಅಂದೆವು. ಈಗ ನೀರಿಗೆ ‘ಬೇಕು’ ಬಂದಿದೆ, ದೋಸೆಗೂ ಬಂದಿದೆ. ಬಿಸ್ಕತ್ತಿಗೆ ಇನ್ನೂ ‘ಬೇಕಾ’ನೇ. ಆ ಒಂದು ದೀರ್ಘ ತೆಗೆಸಲು ಎಂಟು ತಿಂಗಳು ಹಿಡಿಯಿತು ಎಂದರೆ ವ್ಯಾಕರಣದ ಮೇಷ್ಟ್ರುಗಳು ನಕ್ಕಾರು. ನಾವು ಅವತ್ತು ಪಾಯಸ ಮಾಡಿದೆವು.

ಇನ್ನು ಭಾಷೆಯ ವಿಷಯ. ನಾನು ಕಾಗದ ಬರೆಯಲು ಮುಖ್ಯ ಕಾರಣವೇ ಅದು, ಸ್ವಲ್ಪ ಉದ್ದವಾದರೆ ಬೇಸರಿಸಬೇಡಿ.

ನಮ್ಮ ಮನೆಮಾತು ತೆಲುಗು. ಶ್ರೀನಿವಾಸಪುರ, ಮುಳಬಾಗಿಲು ಕಡೆ ಹಳ್ಳಿಹಳ್ಳಿಯಲ್ಲೂ ಹಾಗೇ. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಸಾಬರ ಬೀದಿಯಲ್ಲಿ ಉರ್ದು, ಕೆಜಿಎಫ್ ಕಡೆ ಹೋದರೆ ತಮಿಳು. ಒಂದೇ ವಾಕ್ಯದಲ್ಲಿ ಎರಡು ಭಾಷೆ ಹಾಯುವುದು ನಮಗೆ ಗೊತ್ತೂ ಆಗುವುದಿಲ್ಲ. ನಿಮ್ಮಲ್ಲಿ ಬಹಳ ಜನ ಬೇರೆ ಕಡೆಯಿಂದ ಬಂದವರು. ಉತ್ತರ ಕರ್ನಾಟಕದ ಒಬ್ಬ ಮೇಡಂ ಇವನಿಗೆ ಸೀರೆ ಉಟ್ಟ ತಾಯಿಯ ಚಿತ್ರ ತೋರಿಸಿ ‘ಅವ್ವ ಎಲ್ಲಿ?’ ಅಂದರು. ಇವನು ಪಕ್ಕದಲ್ಲಿದ್ದ ಬಿಳಿಗೂದಲ ಮುದುಕಿಯ ಚಿತ್ರ ಮುಟ್ಟಿದ. ತಪ್ಪು ಗುರುತು ಬಿತ್ತು. ಅವರ ಊರಿನಲ್ಲಿ ಅವ್ವ ಎಂದರೆ ತಾಯಿ. ನಮ್ಮ ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. ಈ ಸಲ ಬಾಯಿಬಿಟ್ಟು ಹೇಳಿದೆ. ಮೇಡಂ ಜೋರಾಗಿ ನಕ್ಕು ಗುರುತು ತಿದ್ದಿದರು, ಮುಂದಿನ ವಾರ ಮನೆಯವರ ಫೋಟೋಗಳನ್ನೇ ತರಲು ಹೇಳಿದರು. ಅಷ್ಟು ಸಲೀಸು ಆ ಕೆಲಸ.

ಎಲ್ಲ ಕಡೆ ಸಲೀಸಾಗುವುದಿಲ್ಲ. ಕಾರಿಡಾರಿನ ಬೆಂಚಿನಲ್ಲಿ ಪರಿಚಯವಾದ ಮುಳಬಾಗಿಲಿನ ಒಬ್ಬ ಹೆಣ್ಣುಮಗಳು ಹೇಳಿದ್ದು ಇದು. ಮನೆಯಲ್ಲಿ ಉರ್ದು. ಮಗಳಿಗೆ ಮೂರು ವರ್ಷ ಇದ್ದಾಗ ಯಾರೋ, ಎರಡೆರಡು ಭಾಷೆಯಿಂದ ಮಗುವಿಗೆ ಗೊಂದಲ, ಇನ್ನು ಮೇಲೆ ಕನ್ನಡ ಒಂದೇ ಮಾತಾಡಿ, ಎಂದರಂತೆ. ಆಕೆಗೆ ಬರುವ ಕನ್ನಡ ಅಂಗಡಿಯದು. ಬಾ, ಕೂತ್ಕೋ, ತಿನ್ನು, ಬೇಡ. ಮನೆಯವರೆಲ್ಲ ತಮ್ಮತಮ್ಮಲ್ಲಿ ಉರ್ದುವಿನಲ್ಲಿ ನಗುತ್ತಾ ಮಾತಾಡುತ್ತಿದ್ದರೆ, ಆ ಮಗುವಿನ ಕಡೆ ತಿರುಗಿದಾಗ ಮಾತ್ರ ಈ ನಾಲ್ಕು ಪದ. ಲಾಲಿ ನಿಂತಿತು. ನಾನಿ ಹೇಳುತ್ತಿದ್ದ ಕಥೆ ನಿಂತಿತು. ಹೆಚ್ಚುಕಡಿಮೆ ಒಂದು ವರ್ಷ. ‘ಭಯ್ಯಾ, ನಾನು ಒಂದು ವರ್ಷ ನನ್ನ ಮಗಳ ಜೊತೆ ಮಾತೇ ಆಡಲಿಲ್ಲ’ ಎಂದು ಆಕೆ ಅಳಲಿಲ್ಲ, ಲೆಕ್ಕ ಒಪ್ಪಿಸಿದ ಹಾಗೆ ಹೇಳಿದರು. ನನಗೆ ಏನು ಹೇಳಬೇಕೆಂದು ತೋಚದೆ ಟೀ ತಂದುಕೊಟ್ಟೆ.

ಎರಡು ಭಾಷೆಯಿಂದ ಆಟಿಸಂ ಮಕ್ಕಳ ಮಾತು ಇನ್ನಷ್ಟು ತಡವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ನಮ್ಮ ಹಾಗೇ ಹಲವು ಭಾಷೆ ಬೆರೆತ ಕೆನಡಾದ ಮಾಂಟ್ರಿಯಲ್‌ನಲ್ಲಿ ಹ್ಯಾಂಬ್ಲಿ, ಫೋಂಬೋನ್ ಎಂಬಿಬ್ಬರು ಒಂದು ಭಾಷೆಯ ಮಕ್ಕಳನ್ನೂ ಎರಡು ಭಾಷೆಯ ಮಕ್ಕಳನ್ನೂ ಹೋಲಿಸಿ 2012ರಲ್ಲಿ ಬರೆದದ್ದು ಅದನ್ನೇ. ಎರಡನೆಯ ಭಾಷೆ ಇದ್ದವರು ಅದರಿಂದ ಹಿಂದೆ ಬಿದ್ದಿರಲಿಲ್ಲ. ಆದರೂ ಈ ಸಲಹೆ ನಮ್ಮ ಕಡೆ ಓಡಾಡುತ್ತಲೇ ಇದೆ. ಒಂದೊಂದು ಸಲ ‘ಇಂಗ್ಲಿಷೇ ಮಾತಾಡಿ, ವಿಡಿಯೋ ಎಲ್ಲಾ ಇಂಗ್ಲಿಷಲ್ಲೇ ಇರುತ್ತೆ’ ಎಂದು ಇನ್ನೂ ಒಂದು ಮೆಟ್ಟಿಲು ಮೇಲಕ್ಕೆ ಹೋಗುತ್ತದೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆಮಾತು ತಮಿಳು, ಅವರಿಗೆ 1983ರ ಜ್ಞಾನಪೀಠ ಬಂದದ್ದು ಕನ್ನಡಕ್ಕೆ. ನನ್ನ ಮಗನನ್ನು ಮಾಸ್ತಿಯವರಿಗೆ ಹೋಲಿಸುತ್ತಿಲ್ಲ, ನಗಬೇಡಿ. ಈ ಜಿಲ್ಲೆಯ ಮಣ್ಣಿನಲ್ಲಿ ಮನೆಮಾತು ಯಾರ ಕನ್ನಡಕ್ಕೂ ಅಡ್ಡ ಬಂದ ಇತಿಹಾಸವಿಲ್ಲ ಎಂದಷ್ಟೇ. ಒಂದೇ ಭಾಷೆ ಆರಿಸಲೇಬೇಕು ಎಂದಾದರೆ, ಆ ಮಗುವನ್ನು ರಾತ್ರಿ ಮಲಗಿಸುವವರ ಬಾಯಲ್ಲಿ ಸಲೀಸಾಗಿ ಬರುವ ಭಾಷೆ ಅದಾಗಿರಲಿ. ನಮ್ಮ ಹುಡುಗ ಅಜ್ಜಿಯ ಹತ್ತಿರ ‘ನೀಳ್ಳು’, ನನ್ನ ಹತ್ತಿರ ‘ನೀರು’ ಅನ್ನುತ್ತಾನೆ. ಯಾರಿಗೆ ಯಾವುದು ಎಂದು ಒಂದು ದಿನವೂ ತಪ್ಪಿಲ್ಲ. ಗೊಂದಲವಿದ್ದವರು ಹಾಗೆ ಮಾಡುತ್ತಾರೆಯೇ?

ಇಷ್ಟೆಲ್ಲ ನಿಮಗೆ ಹೇಳಿದ ಮೇಲೆ ನಮ್ಮ ಪುಸ್ತಕದ ತಪ್ಪುಗಳನ್ನೂ ತೆಗೆದು ತೋರಿಸಬೇಕು.

ಮೊದಲನೆಯದು, ನಾವು ಕಾದು ನೋಡಿದ್ದು. ಅವರಪ್ಪನಿಗೂ ಮಾತು ತಡ, ಗಂಡು ಮಕ್ಕಳಿಗೆ ತಡವೇ, ಎಂದು ಎಲ್ಲರೂ ಅಂದರು. ಬಜೆ ತೇಯ್ದು ನಾಲಿಗೆಗೆ ಹಚ್ಚಿದೆವು. ದೇವರಿಗೆ ಗಂಟೆ ಕಟ್ಟಿಸುವ ಹರಕೆ ಹೊತ್ತೆವು. ಕೊನೆಗೆ ಕಣ್ಣಿಗೆ ಬಿದ್ದದ್ದು ಅಂಗನವಾಡಿ ಟೀಚರಿಗೆ. ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಗಾಡಿಯಲ್ಲಿ ಬರುವ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರಿಗೆ ತೋರಿಸಿ, ಹೆಸರು ಕರೆದರೆ ಈ ಮಗು ತಿರುಗುವುದಿಲ್ಲ ಎಂದು ಆಕೆಯೇ ಹೇಳಿದ್ದು. ಆಕೆಯ ಮೇಲೆ ನನ್ನ ಹೆಂಡತಿ ಒಂದು ತಿಂಗಳು ಮಾತು ಬಿಟ್ಟಿದ್ದಳು.

ಎರಡನೆಯದು ಇನ್ನೂ ದೊಡ್ಡದು. ಅವನು ಕೇಳುವ ಮೊದಲೇ ಕೊಟ್ಟುಬಿಡುತ್ತಿದ್ದೆವು. ನಮ್ಮ ಅಡುಗೆಮನೆಯಲ್ಲಿ ಕೋಡುಬಳೆಯ ಡಬ್ಬ ಮೇಲಿನ ಗೂಡಿನಲ್ಲಿರುತ್ತದೆ. ಅವನು ನನ್ನ ಮಣಿಕಟ್ಟು ಹಿಡಿದು, ಮುಖ ನೋಡದೆ, ಇಕ್ಕಳ ಹಿಡಿದ ಹಾಗೆ ನನ್ನ ಕೈಯನ್ನು ಗೂಡಿನ ಕಡೆ ಎಳೆದೊಯ್ಯುತ್ತಿದ್ದ. ನಾನು ತೆಗೆದು ಕೊಡುತ್ತಿದ್ದೆ. ಇದನ್ನೂ ನಮ್ಮ ಪುಸ್ತಕದಲ್ಲಿ ‘ಕೇಳಿದ’ ಎಂದೇ ಬರೆದಿದ್ದೆ. ನಿಮ್ಮಲ್ಲೊಬ್ಬರು ನನ್ನ ಫೋನಿನ ವಿಡಿಯೋ ನೋಡಿ, ‘ಸಾರ್, ಅವನು ನಿಮ್ಮನ್ನ ಕೇಳ್ತಾ ಇಲ್ಲ, ನಿಮ್ಮ ಕೈನ ಕೇಳ್ತಾ ಇದಾನೆ’ ಅಂದರು. ಆ ಮಾತು ಚುಚ್ಚಿತು. ನಿಜವಾಗಿತ್ತು, ಅದಕ್ಕೇ ಚುಚ್ಚಿತು. ಡಬ್ಬವನ್ನು ಅವನಿಗೆ ಸಿಗುವಲ್ಲೇ ಇಡಿ, ಮುಚ್ಚಳ ಬಿಗಿಯಾಗಿರಲಿ, ಡಬ್ಬ ತಂದುಕೊಟ್ಟರೆ ಕೈ ಚಾಚಿ, ಹತ್ತು ಎಣಿಸುವವರೆಗೆ ಬಾಯಿ ತೆರೆಯಬೇಡಿ, ಎಂದರು. ಹತ್ತು ಎಣಿಸುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. ನನ್ನ ಹೆಂಡತಿ ಆರಕ್ಕೇ ಸೋಲುತ್ತಿದ್ದಳು, ಅವನ ಅಜ್ಜಿ ಎರಡಕ್ಕೆ. ಇಪ್ಪತ್ತನೆಯ ದಿನವೋ ಏನೋ, ಅವನು ಡಬ್ಬ ನನ್ನ ಅಂಗೈಯಲ್ಲಿಟ್ಟು, ಅದನ್ನು ನೋಡಿ, ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದ. ನಾನು ಏಳರಲ್ಲಿದ್ದೆ.

ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ 65 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳ ಮನೆಯವರೊಂದಿಗೆ ಇದೇ ಬಗೆಯ ಕೆಲಸ ನಡೆಸಿ, ಉಳಿದವರ ಜೊತೆ ಹೋಲಿಸಿ, 2016ರಲ್ಲಿ ಫಲಿತಾಂಶ ಬರೆದಿದ್ದಾರೆ. ಮನೆಯವರು ಮಗುವಿನ ಜೊತೆ ಆಡುವುದನ್ನು ವಿಡಿಯೋ ಮಾಡಿ, ಕೂತು ನೋಡಿ, ಎಲ್ಲಿ ಕಾಯಬೇಕು ಎಂದು ತೋರಿಸಿಕೊಡುವುದು. ತೋರಿಸಿಕೊಟ್ಟವರು ಥೆರಪಿಸ್ಟರೂ ಅಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ತಂದೆತಾಯಿ ಮಗುವಿಗೆ ಹೊಂದಿಕೊಂಡು ಸ್ಪಂದಿಸುವುದು ಹೆಚ್ಚಿತು, ಮಗು ತಾನಾಗಿ ಮುಂದೆ ಬಂದು ಏನನ್ನಾದರೂ ಹೇಳುವುದೂ ಹೆಚ್ಚಿತು. ಎಲ್ಲವೂ ಸುಧಾರಿಸಲಿಲ್ಲ, ಇಬ್ಬರೂ ಒಂದೇ ವಸ್ತುವಿನ ಮೇಲೆ ಗಮನವಿಟ್ಟು ಕಳೆಯುವ ಹೊತ್ತು ಕಡಿಮೆಯೇ ಆಗಿತ್ತು. ಇದನ್ನೂ ಮುಚ್ಚಿಡದೆ ಬರೆದಿರುವುದರಿಂದಲೇ ನನಗೆ ಅವರ ಲೆಕ್ಕದ ಮೇಲೆ ನಂಬಿಕೆ ಬಂತು. ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ನಿಮ್ಮ ರೂಮಿನಲ್ಲಿ ಸಿಗುವುದು ನಮಗೆ. ಮಾಲೂರಿನವರಿಗೆ ರೈಲಾದರೂ ಇದೆ, ಬೆಂಗಳೂರಿಗೇ ಹೋಗಿಬರುತ್ತಾರೆ. ಮುಳಬಾಗಿಲಿಗೆ ರೈಲೇ ಇಲ್ಲ. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಬಾಗಿಲು ಹಾಕಿಕೊಂಡು ಮಗುವಿಗೆ ಕಲಿಸಿ ಕಳಿಸುವ ಬದಲು, ಒಳಗೆ ಕರೆದು ಹತ್ತು ಎಣಿಸುವುದನ್ನು ಕಲಿಸಿ. ವಾರದ ಉಳಿದ ಗಂಟೆಗಳೆಲ್ಲ ನಮ್ಮ ಹತ್ತಿರವೇ ಇವೆ.

ನಾನು ಈಗ ನೂರು ಹಾಳೆಯ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಗಡೆ ಅವನು ಅಂದದ್ದು ಅಥವಾ ಮಾಡಿದ್ದು, ಬಲಗಡೆ ನಮಗೆ ತಿಳಿದ ಅರ್ಥ. ‘ರೈಟ್’ ಎಂದರೆ ಹೋಗೋಣ. ‘ಕರೆಂಟ್ ಹೋಯ್ತು’ ಎಂದರೆ ಭಯ, ದೀಪ ಉರಿಯುತ್ತಿದ್ದರೂ. ಅಂಗಿಯ ಕಾಲರು ಕಚ್ಚಿದರೆ ಹಸಿವಲ್ಲ, ಗದ್ದಲ. ನನ್ನ ಚಪ್ಪಲಿ ತಂದು ಬಾಗಿಲಲ್ಲಿಟ್ಟರೆ ಮಂಡಿಗೆ ಕರೆದುಕೊಂಡು ಹೋಗು ಎಂದು, ಅದೇ ಚಪ್ಪಲಿಯನ್ನು ನೆಂಟರ ಮುಂದಿಟ್ಟರೆ ನೀವಿನ್ನು ಹೊರಡಿ ಎಂದು. ಅರವತ್ತೊಂದು ಸಾಲುಗಳಾಗಿವೆ. ನಿಮ್ಮ ಕಳೆದ ರಿಪೋರ್ಟಿನ ಪ್ರಕಾರ ಅವನಿಗೆ ಬರುವುದು ನಾಲ್ಕು ಪದ. ನನ್ನ ಅರವತ್ತೊಂದರಲ್ಲಿ ತಂದೆಯ ಆಸೆ ಬೆರೆತು ಜಾಸ್ತಿಯಾದವು ಹತ್ತಾದರೂ ಇರಬಹುದು, ಹೊಡೆದುಹಾಕಿ. ಆದರೆ ಹೊಸ ಮಗು ಬಂದ ದಿನ ಕಾರ್ಡಿನ ಕಟ್ಟು ಬಿಚ್ಚುವ ಮುಂಚೆ ಮನೆಯವರನ್ನು ಕೂರಿಸಿ, ‘ಇವನು ಸಾಕು ಅನ್ನೋದು ಹೇಗೆ?’ ಎಂದು ಒಂದು ಸಲ ಕೇಳಿ. ಬರೆಯಲು ಬಾರದ ತಾಯಿಯಾದರೆ ಅವರು ಹೇಳಿದ್ದನ್ನು ನೀವೇ ಬರೆದುಕೊಳ್ಳಿ.

ಲೆಕ್ಕ ತಾಳೆಯಾಗದೆ ಉಳಿದ ಬಾಬ್ತನ್ನು ನಾವು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಹೊಡೆದುಹಾಕುವ ಹಾಗಿಲ್ಲ, ಎಲ್ಲಿಗೆ ಸೇರಿದ್ದೆಂದು ಗೊತ್ತಾಗುವ ತನಕ ಅಲ್ಲೇ ಇರಬೇಕು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅಂಥದ್ದೊಂದಿದೆ. ಸಂಜೆ ಕಿಟಕಿಯ ಸರಳು ಹಿಡಿದು ನಿಂತು ಒಮ್ಮೊಮ್ಮೆ ‘ಮೂರನೇದು ಬಂತು’ ಅನ್ನುತ್ತಾನೆ. ಬೇಸರದಲ್ಲಿ ಅಲ್ಲ, ಸಮಾಧಾನವಾಗಿ. ಲಾರಿ ಎಣಿಸುತ್ತಾನೋ ಎಂದು ನೋಡಿದೆ, ಅಲ್ಲ. ಕೊಕ್ಕರೆಯೂ ಅಲ್ಲ, ಬೀದಿದೀಪವೂ ಅಲ್ಲ. ಎರಡು ವರ್ಷವಾಯಿತು. ನಿಮ್ಮಲ್ಲಿ ಯಾರಿಗಾದರೂ ಯಾವ ಮಗುವಿನ ಬಾಯಲ್ಲಾದರೂ ಇಂಥದ್ದು ಕೇಳಿದ ನೆನಪಿದ್ದರೆ ದಯವಿಟ್ಟು ತಿಳಿಸಿ. ಬಲಗಡೆಯ ಜಾಗ ಖಾಲಿ ಬಿಟ್ಟಿದ್ದೇನೆ.

ಇಂತಿ,
ಶ್ರೀನಿವಾಸಪುರದ ಒಬ್ಬ ತಂದೆ